ಗಂಗರತ್ನಮ್ಮನ ಮೂರನೇ ಕೈ

ಗಂಗರತ್ನಮ್ಮನಿಗೆ ಮೂರು ಕೈ ಇದ್ದವು. ಎರಡು ಎಲ್ಲರಿಗೂ ಇರುವಂಥವೇ. ಕಳೆ ಕಿತ್ತು, ಸಗಣಿ ಬಾಚಿ, ದ್ರಾಕ್ಷಿ ಬುಟ್ಟಿ ಹೊತ್ತು ಒರಟಾದ ಬೋಳು ಕೈಗಳು. ಮೂರನೆಯದು ನಮ್ಮೂರ ಕೆರೆ ಏರಿಯ ಕೆಳಗೆ, ಹೊಂಗೆ ಮರದಡಿ, ಕಲ್ಲಿನಲ್ಲಿತ್ತು. ಮೇಲಕ್ಕೆತ್ತಿದ ಆ ಕೈಗೆ ಮಣಿಕಟ್ಟಿನಿಂದ ಮೊಣಕೈವರೆಗೂ ಬಳೆ, ಬೆರಳ ಸಂದಿಯಲ್ಲಿ ಒಂದು ನಿಂಬೆಹಣ್ಣು, ಮೇಲೆಲ್ಲ ಅರಿಶಿನ. ಅವಳ ನಿಜವಾದ ಎರಡು ಕೈಗಳಿಗೆ ಊರಿನಲ್ಲಿ ಯಾರೂ ಮರ್ಯಾದೆ ಕೊಟ್ಟದ್ದು ನನಗೆ ನೆನಪಿಲ್ಲ. ಕಲ್ಲಿನ ಕೈಗೆ ಮಾತ್ರ ವರ್ಷಕ್ಕೊಮ್ಮೆ ಹಾರ, ಬ್ಯಾಂಡು, ಭಾಷಣ. ಆ ಕೈ ಅವಳಿಗೆ ಹೇಗೆ ಅಂಟಿಕೊಂಡಿತು, ಅಂಟಿಕೊಂಡ ಮೇಲೆ ಅವಳಿಂದ ಏನು ಮಾಡಿಸಿತು ಅನ್ನುವುದನ್ನು ಹೇಳುತ್ತೇನೆ. ಕೇಳಿ ಕಣ್ಣೀರು ಹಾಕುವವರು ಹಾಕಲಿ. ನನಗೆ ಬರುವುದು ಸಿಟ್ಟು.

ನಮ್ಮೂರು ತಾಳಕುಂಟೆ. ಬ್ಯಾಟರಾಯನಪುರದ ಹತ್ತಿರ ದೊಡ್ಡ ರಸ್ತೆ ಬಿಟ್ಟು ಗಾಡಿ ಜಾಡಿನಲ್ಲಿ ನಡೆದರೆ ಮೊದಲು ಕೆರೆ, ಆಮೇಲೆ ಏರಿ, ಏರಿಯ ಕೆಳಗೆ ಊರು. ರಾಗಿ, ಹುರುಳಿ, ಬಾವಿ ಇದ್ದವರಿಗೆ ದ್ರಾಕ್ಷಿ ತೋಟ. ಊರಿನ ಗಾಡಿಗಳು ಹೆಬ್ಬಾಳ ದಾಟಿ ಕಂಟೋನ್ಮೆಂಟಿನ ಮಾರ್ಕೆಟ್ಟಿಗೆ ಹೋಗುತ್ತಿದ್ದವು. ಯುದ್ಧದಲ್ಲಿ ಸತ್ತವರಿಗೆಂದು ಒಂದು ದಿನ ಇರುತ್ತದೆ ಅನ್ನುವುದು ನಮ್ಮವರಿಗೆ ಮೊದಲು ಗೊತ್ತಾದದ್ದೂ ಆ ಮಾರ್ಕೆಟ್ಟಿನಲ್ಲೇ. ಬ್ರಿಟಿಷರ ಕಾಲದಲ್ಲಿ ನವೆಂಬರ್ ಹನ್ನೊಂದಕ್ಕೆ ದೊರೆಗಳೂ ದೊರೆಸಾನಿಗಳೂ ಎದೆಗೆ ಕೆಂಪು ಕಾಗದದ ಹೂವು ಸಿಕ್ಕಿಸಿಕೊಂಡು ಬರುತ್ತಿದ್ದರಂತೆ. ಮೊದಲನೇ ಮಹಾಯುದ್ಧ ನಿಂತ ದಿನ ಅದು. ಎಲ್ಲರೂ ಇದ್ದ ಜಾಗದಲ್ಲೇ ಎರಡು ನಿಮಿಷ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ನಮ್ಮ ಗಾಡಿಯವರೂ ತಲೆಯ ವಸ್ತ್ರ ತೆಗೆದು ನಿಂತು, ಕೊಟ್ಟ ಹೂವನ್ನು ಎತ್ತಿನ ಕೊಂಬಿಗೆ ಸಿಕ್ಕಿಸಿ ಮನೆಗೆ ಬರುತ್ತಿದ್ದರು. ಅದು ದೊರೆಗಳ ಪಿತೃಪಕ್ಷ ಅಂತ ಊರಿನಲ್ಲಿ ಮಾತು.

ಸ್ವಾತಂತ್ರ್ಯ ಬಂದ ಮೇಲೆ ಆ ಹೂವಿನ ಕಾಲ ಮುಗಿಯಿತು. ೧೯೪೯ರಲ್ಲಿ ದಿಲ್ಲಿಯವರು ಡಿಸೆಂಬರ್ ಏಳನ್ನು ಧ್ವಜ ದಿನ ಅಂತ ಗೊತ್ತು ಮಾಡಿದರು. ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟಿಯ ಒಂದು ಪುಟ್ಟ ಕಾಗದದ ಬಾವುಟ. ನೆಲದ ಸೈನ್ಯ, ನೀರಿನ ಸೈನ್ಯ, ಗಾಳಿಯ ಸೈನ್ಯ ಮೂರಕ್ಕೂ ಸೇರಿ ಅದೊಂದೇ. ಡಬ್ಬಿಗೆ ಕಾಸು ಹಾಕಿದವರ ಎದೆಗೆ ಗುಂಡುಸೂಜಿಯಲ್ಲಿ ಅದನ್ನು ಚುಚ್ಚುತ್ತಾರೆ. ಆ ಕಾಸು ಸತ್ತ ಸಿಪಾಯಿಯ ಹೆಂಡತಿ ಮಕ್ಕಳಿಗೆ, ಕೈಕಾಲು ಕಳೆದುಕೊಂಡು ಬಂದವರಿಗೆ. ಸತ್ತವನನ್ನು ನೆನೆಯುವುದೆಂದರೆ ಅವನ ಹಿಂದೆ ಉಳಿದವರು ಉಂಡರೋ ಇಲ್ಲವೋ ಅಂತ ಕೇಳುವುದು, ಅಷ್ಟೇ ಅದರ ಅರ್ಥ. ಮಾಡಿದವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ನಮ್ಮೂರಿಗೆ ಬಂದು ಅದು ಏನಾಯಿತು ಅನ್ನುವುದಕ್ಕೆ ಅವರು ಜವಾಬ್ದಾರರಲ್ಲ.

ಗಂಗರತ್ನಮ್ಮ ಯಲಹಂಕದ ಕಡೆಯ ಹುಡುಗಿ. ತಾಳಕುಂಟೆಯ ಲಕ್ಕಣ್ಣನಿಗೆ ಕೊಟ್ಟಾಗ ಅವಳಿಗೆ ಹದಿನೇಳು ಇರಬೇಕು. ಲಕ್ಕಣ್ಣನಿಗೆ ಅಪ್ಪ ಇರಲಿಲ್ಲ. ಅವ್ವ ದೊಡ್ಡಮುನಿಯಮ್ಮ ಒಬ್ಬಳೇ. ಇದ್ದ ಹೊಲ ಇಬ್ಬರಿಗೆ ಸಾಲದೆಂದು ಅವನು ಪಟಾಲಂ ಸೇರಿದ್ದ. ರಜೆಗೆ ಬಂದಾಗ ಮದುವೆ, ಮುಂದಿನ ರಜೆಗೆ ಒಂದಿಷ್ಟು ಸಂಸಾರ, ಅದರ ಮುಂದಿನ ರಜೆಗೆ ಮಳೆ ಹಿಡಿದು ಮನೆ ಸೋರುವುದನ್ನು ರಿಪೇರಿ ಮಾಡಿ ಹೊರಟುಹೋದ. ಯಶವಂತಪುರದ ಸ್ಟೇಷನ್ನಿಗೆ ಅತ್ತೆ ಸೊಸೆ ಇಬ್ಬರೂ ಹೋಗಿ ರೈಲು ಹತ್ತಿಸಿ ಬಂದರು. ಅವನ ಮುಖಕ್ಕಿಂತ ಅವನು ಬಿಟ್ಟುಹೋದ ಕಬ್ಬಿಣದ ಟ್ರಂಕೇ ತನಗೆ ಹೆಚ್ಚು ಪರಿಚಯ ಅಂತ ಅವಳೇ ಒಮ್ಮೆ ಹೇಳಿದ್ದಳು. ಹೇಳುವಾಗ ನಕ್ಕಿದ್ದಳು. ಆ ಕಾಲದಲ್ಲಿ ಅವಳು ನಗುತ್ತಿದ್ದಳು.

೧೯೬೨ರ ಚಳಿಗಾಲದಲ್ಲಿ ಚೀನಾದವರ ಮೇಲಿನ ಯುದ್ಧದಲ್ಲಿ ಲಕ್ಕಣ್ಣ ಸತ್ತ. ಈಶಾನ್ಯ ಗಡಿಯ ನೇಫಾದ ಯಾವುದೋ ಹಿಮದ ಗುಡ್ಡದ ಮೇಲೆ ಅಂತ ತಂತಿ ಬಂತು. ಹೆಣ ಬರಲಿಲ್ಲ. ನಮ್ಮವರು ಹೂಳುವವರು, ಹೂಳಲು ಏನಾದರೂ ಬೇಕಲ್ಲ. ಟ್ರಂಕಿನಲ್ಲಿದ್ದ ಒಂದು ಜೊತೆ ಬಟ್ಟೆಯನ್ನು ಹೂತು ತಿಥಿ ಮಾಡಿದರು. ಗಂಗರತ್ನಮ್ಮನ ಬಳೆ ಒಡೆಯುವಾಗ ದೊಡ್ಡಮುನಿಯಮ್ಮ ಬೇರೆಯವರ ಕೈಗೆ ಬಿಡದೆ ತಾನೇ ಒಡೆದಳು. ಚೂರು ಚುಚ್ಚದ ಹಾಗೆ ಒಂದು ಬಟ್ಟೆ ಸುತ್ತಿ ಒಡೆದಳು.

ಈ ದೊಡ್ಡಮುನಿಯಮ್ಮನ ವಿಷಯ ಒಂದು ಮಾತು ಹೇಳಬೇಕು. ಅವಳು ಆ ಮನೆಗೆ ಬಂದದ್ದು ಸೀರೆ ಉಡಿಕೆಯಲ್ಲಿ. ಗಂಡ ಸತ್ತ ಹೆಣ್ಣಿಗೆ ಇನ್ನೊಬ್ಬ ಒಂದು ಹೊಸ ಸೀರೆ ತರುತ್ತಾನೆ. ಊರಿನ ವಿಧವೆಯರು ಸೇರಿ ಅವಳಿಗೆ ಅದನ್ನು ಉಡಿಸುತ್ತಾರೆ. ಓಲಗವಿಲ್ಲ, ಚಪ್ಪರವಿಲ್ಲ, ಮುತ್ತೈದೆಯರು ಆ ಕಡೆ ತಲೆ ಹಾಕುವುದಿಲ್ಲ. ಬೆಳಗಾದರೆ ಅವಳು ಇನ್ನೊಂದು ಮನೆಯ ಹೆಂಡತಿ. ಹಬ್ಬ ಮದುವೆಗಳಲ್ಲಿ ಅವಳನ್ನು ಮುಂದೆ ಕೂರಿಸುವುದಿಲ್ಲ ಅನ್ನುವುದು ಬಿಟ್ಟರೆ ಊರು ತಕರಾರು ಮಾಡುವುದಿಲ್ಲ. ನಮ್ಮ ಅಜ್ಜಿ ಮುತ್ತಜ್ಜಿಯರ ಕಾಲದಿಂದ ನಡೆದು ಬಂದದ್ದು. ದೊಡ್ಡಮುನಿಯಮ್ಮನ ಮೊದಲ ಗಂಡ ಪ್ಲೇಗಿನಲ್ಲಿ ಹೋದ. ಎರಡನೇ ಗಂಡನಿಗೆ ಹುಟ್ಟಿದವನೇ ಲಕ್ಕಣ್ಣ. ಅಂದರೆ ನಮ್ಮೂರು ಆಮೇಲೆ ಹಾರ ಹಾಕಿ ಮೆರೆಸಿದ ವೀರ ಹುಟ್ಟಿದ್ದೇ ಉಡಿಕೆಯಿಂದ. ಇದನ್ನು ಯಾವ ಭಾಷಣದಲ್ಲೂ ಯಾರೂ ಹೇಳಲಿಲ್ಲ.

ವರ್ಷ ಕಳೆಯುವುದರೊಳಗೆ ಸೊಣ್ಣಪ್ಪ ಬಂದ. ಅವನಿಗೂ ಹೆಂಡತಿ ಸತ್ತಿದ್ದಳು, ಮಕ್ಕಳಿರಲಿಲ್ಲ. ಕೆರೆಯ ಕಾಲುವೆ ಪಕ್ಕ ಅವನ ದ್ರಾಕ್ಷಿ ತೋಟ. ಗಂಗರತ್ನಮ್ಮ ಅಲ್ಲಿಗೆ ಕೂಲಿಗೆ ಹೋಗುತ್ತಿದ್ದಳು. ಬಳ್ಳಿ ಸವರಿದಾಗ ಬೀಳುವ ಎಳೆ ಕಡ್ಡಿಗಳನ್ನು ಸುತ್ತಿ, ಮೇಲೆ ಹಳೆ ಬಟ್ಟೆ ಬಿಗಿದು, ಬುಟ್ಟಿ ಹೊರುವಾಗ ತಲೆ ನೋಯದ ಹಾಗೆ ಅವನು ಅವಳಿಗೊಂದು ಸಿಂಬೆ ಮಾಡಿಕೊಟ್ಟ. ಬೇರೆ ಯಾವ ಕೂಲಿಯವಳಿಗೂ ಮಾಡಿಕೊಟ್ಟಿರಲಿಲ್ಲ. ಆ ಸಿಂಬೆ ನೋಡಿಯೇ ದೊಡ್ಡಮುನಿಯಮ್ಮನಿಗೆ ಅರ್ಥವಾಯಿತು. ಒಲೆ ಮುಂದೆ ಕೂತು ಸೊಸೆಯನ್ನು ನೇರವಾಗಿ ಕೇಳಿದಳು.

"ಅವ್ನು ಬೇಕೇನೆ ನಿಂಗೆ?"

"ಬೇಕು ಅತ್ತೆ," ಅಂದಳು ಗಂಗರತ್ನಮ್ಮ. ಮಗನ ತಾಯಿಯ ಮುಂದೆ ಆ ಮಾತು ಹೇಳಿದ್ದಕ್ಕೆ ಅಳುವೂ ಬಂತು.

"ಅಳ್ಬ್ಯಾಡ. ನಾನೇ ಸೀರೆ ಉಡುಸ್ತೀನಿ. ಲಕ್ಕನ್ ವರ್ಷದ ಎಡೆ ಮುಗೀಲಿ."

ಸಂಕ್ರಾಂತಿ ಕಳೆದ ಮೇಲೆ ಅಂತ ಗೊತ್ತಾಯಿತು. ಸೊಣ್ಣಪ್ಪ ಸೀರೆ ತಂದು ತೋರಿಸಿದ. ಮಾವಿನ ಚಿಗುರಿನ ಬಣ್ಣ, ಕಪ್ಪು ಅಂಚು. ಗಂಗರತ್ನಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಅಂಚಿನ ಮೇಲೆ ಕೈಯಾಡಿಸಿ, ಮಡಿಸಿ ವಾಪಸ್ಸು ಕೊಟ್ಟಳು. ಉಡಿಕೆ ಆಗುವ ತನಕ ಸೀರೆ ಗಂಡಿನ ಮನೆಯಲ್ಲೇ ಇರಬೇಕು.

ಇಲ್ಲಿಗೆ ಬಂದ ನಮ್ಮ ಶ್ರೀರಾಮಪ್ಪ. ಪಂಚಾಯ್ತಿ ಛೇರ್ಮನ್, ಊರಿನ ಅರ್ಧ ದ್ರಾಕ್ಷಿ ಅವನದೇ. ಕೆಟ್ಟವನಲ್ಲ ಅಂತ ಈಗಲೂ ಕೆಲವರು ಹೇಳುತ್ತಾರೆ. ಊರಿಗೆ ಬಸ್ಸು ತರಿಸಬೇಕು ಅನ್ನುವುದು ಅವನ ಹುಚ್ಚು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು. ತಾಲ್ಲೂಕು ಕಚೇರಿಯಲ್ಲಿ ಯಾರೋ ಕಿವಿಯೂದಿದರು: ನಿಮ್ಮೂರಲ್ಲಿ ಯುದ್ಧದಲ್ಲಿ ಸತ್ತವನಿದ್ದಾನೆ, ಧ್ವಜ ದಿನಕ್ಕೆ ಒಂದು ಸ್ಮಾರಕ ಮಾಡಿ, ದೊಡ್ಡವರನ್ನು ಕರೆಸಿ, ದಾರಿ ಕಂಡರೆ ಬಸ್ಸು ತಾನಾಗಿ ಬರುತ್ತದೆ. ಲಕ್ಕಣ್ಣ ಬದುಕಿದ್ದಾಗ ಅವನ ಹೆಸರು ಹಿಡಿದು ಮಾತಾಡಿಸದ ಶ್ರೀರಾಮಪ್ಪ ಆವತ್ತಿನಿಂದ ನಮ್ಮ ಹುಡುಗ, ನಮ್ಮ ಹುಡುಗ ಅನ್ನತೊಡಗಿದ.

ಸ್ಮಾರಕ ಅಂದರೆ ಹೇಗಿರಬೇಕು? ನಮ್ಮೂರವರಿಗೆ ಗೊತ್ತಿದ್ದದ್ದು ಒಂದೇ ಒಂದು. ಹೊಂಗೆ ಮರದಡಿ ಯಾವ ಕಾಲದ್ದೋ ಒಂದು ವೀರಗಲ್ಲಿತ್ತು. ಕೆಳಗೆ ಕತ್ತಿ ಹಿಡಿದವನು, ಅವನ ಹಿಂದೆ ದನ, ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಇಬ್ಬರು ದೇವಕನ್ಯೆಯರು, ತುದಿಯಲ್ಲಿ ಲಿಂಗ. ಪಕ್ಕದಲ್ಲಿ ಬಳೆ ತೊಟ್ಟ ಒಂದು ಕೈ. ಆ ಕೈ ಯಾಕಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೈಯಮ್ಮ ಅಂತ ಕರೆದು, ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಗಳು ಅದಕ್ಕೆ ಅರಿಶಿನ ಹಚ್ಚುತ್ತಿದ್ದರು. ಹಚ್ಚಿದರೆ ಬೇಗ ಮಕ್ಕಳಾಗುತ್ತವೆ ಅಂತ ನಂಬಿಕೆ.

ಕಲ್ಲು ಕೆತ್ತುವ ಚಿಕ್ಕಹನುಮಯ್ಯನನ್ನು ಕರೆಸಿ ಶ್ರೀರಾಮಪ್ಪ ಅದನ್ನು ತೋರಿಸಿದ. ಇದರ ಹಾಗೇ ಇರಬೇಕು, ಒಂದು ಗೀಟೂ ಬಿಡಬಾರದು, ಕತ್ತಿ ಬದಲು ಬಂದೂಕು ಇರಲಿ ಅಂದ. ಚಿಕ್ಕಹನುಮಯ್ಯ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಆಳು. ಬಂದೂಕು ಕೆತ್ತಿದ. ಹಿಮದ ಗುಡ್ಡದಲ್ಲಿ ಸತ್ತವನ ಹಿಂದೆ ದನ ಕೆತ್ತಿದ. ದೇವಕನ್ಯೆಯರನ್ನು ಕೆತ್ತಿದ, ಲಿಂಗ ಕೆತ್ತಿದ. ಪಕ್ಕದಲ್ಲಿ ಬಳೆ ತೊಟ್ಟ ಕೈಯನ್ನೂ ಕೆತ್ತಿದ.

೧೯೬೩ರ ಡಿಸೆಂಬರ್ ಏಳು. ಹೊಸ ಕಲ್ಲನ್ನು ಹಳೆಯದರ ಪಕ್ಕ ನಿಲ್ಲಿಸಿ, ಪೂಜೆ ಮಾಡಿ, ಶಾಮಿಯಾನ ಹಾಕಿದರು. ದೊಡ್ಡ ಅಧಿಕಾರಿಗಳು ಜೀಪಿನಲ್ಲಿ ಬಂದರು. ಗಂಗರತ್ನಮ್ಮನಿಗೆ ಬಿಳಿ ಸೀರೆ ಉಡಿಸಿ ವೇದಿಕೆಯ ಮೇಲೆ ಕೂರಿಸಿ, ಮಡಿಲಿಗೆ ಬಾವುಟದ ಡಬ್ಬಿ ಕೊಟ್ಟರು. ನಮ್ಮಲ್ಲಿ ಬಿಳಿ ಸೀರೆಯ ಕಟ್ಟುಪಾಡೇ ಇರಲಿಲ್ಲ, ಅದೂ ಶ್ರೀರಾಮಪ್ಪನ ತಲೆಯಿಂದ ಹೊರಟದ್ದೇ. ಕೊನೆಗೆ ಪಟ್ಟಣದ ಕಾಲೇಜಿನಲ್ಲಿ ಚರಿತ್ರೆ ಹೇಳುವ ಒಬ್ಬರು ಭಾಷಣಕ್ಕೆ ನಿಂತರು. ಹಳೆ ಕಲ್ಲು ನೋಡಿದರು, ಹೊಸ ಕಲ್ಲು ನೋಡಿದರು. ಇದು ಮಾಸ್ತಿಯ ಕೈ, ಮಹಾಸತಿಯ ಕೈ ಅಂದರು. ಗಂಡ ಯುದ್ಧದಲ್ಲಿ ಮಡಿದಾಗ ಚಿತೆಯೇರಿದ ಹೆಂಡತಿಗೆ ಹೀಗೆ ಕಲ್ಲಿನಲ್ಲಿ ಕೈ ಕೊರೆಯುತ್ತಿದ್ದರು. ಮುತ್ತೈದೆತನ ಸಾಯುವುದಿಲ್ಲ ಅನ್ನುವುದಕ್ಕೆ ಆ ಬಳೆ ಸಾಕ್ಷಿ. ಆ ಪರಂಪರೆ ತಾಳಕುಂಟೆಯಲ್ಲಿ ಇನ್ನೂ ಬದುಕಿದೆ, ನೋಡಿ, ಈ ತಾಯಿ ಬೆಂಕಿಗೆ ಬೀಳದೆಯೇ ತನ್ನ ಕೈಯನ್ನು ಗಂಡನ ಕಲ್ಲಿಗೆ ಕೊಟ್ಟಿದ್ದಾಳೆ, ಅಂತ ಅವಳ ಕಡೆ ತಿರುಗಿ ಕೈಮುಗಿದರು.

ಅವರಿಗೇನು ಗೊತ್ತು, ಚಿಕ್ಕಹನುಮಯ್ಯ ಹಳೆ ಕಲ್ಲು ನೋಡಿ ಕೆತ್ತಿದ ಅಂತ. ಊರಿಗೆ ಗೊತ್ತಿತ್ತು. ಆದರೂ ಊರು ಚಪ್ಪಾಳೆ ತಟ್ಟಿತು. ತಟ್ಟುತ್ತಾ ತಟ್ಟುತ್ತಾ ನಂಬಿತು. ಮುಂದಿನ ತಿಂಗಳು ಇವಳಿಗೆ ಉಡಿಕೆ ಅಂತ ಅಲ್ಲಿ ಕೂತಿದ್ದ ಒಬ್ಬೊಬ್ಬರಿಗೂ ತಿಳಿದಿತ್ತು. ಒಬ್ಬೊಬ್ಬರೂ ಅವಳ ಕೈ ನೋಡಿದರು, ಕಲ್ಲಿನ ಕೈ ನೋಡಿದರು. ಗಂಗರತ್ನಮ್ಮ ಡಬ್ಬಿ ಹಿಡಿದುಕೊಂಡು ತಲೆ ತಗ್ಗಿಸಿ ಕೂತಿದ್ದಳು.

ಮಾರನೇ ದಿನ ಅರಳಿಕಟ್ಟೆಯಲ್ಲಿ ಪಂಚಾಯ್ತಿ. ಉಡಿಕೆ ಆಗಕೂಡದು ಅಂತ ಶ್ರೀರಾಮಪ್ಪ ಹೇಳಿದ. ಸಾಹೇಬರುಗಳು ಕೈಮುಗಿದು ಹೋಗಿದ್ದಾರೆ, ಬಸ್ಸು ಕೊಡುತ್ತೇವೆ ಅಂದಿದ್ದಾರೆ, ಮುಂದಿನ ವರ್ಷ ಬಂದು ಆ ತಾಯಿ ಎಲ್ಲಿ ಅಂತ ಕೇಳಿದರೆ ಸೊಣ್ಣಪ್ಪನ ಮನೆಯಲ್ಲಿ ಮುದ್ದೆ ತೊಳಸುತ್ತಿದ್ದಾಳೆ ಅನ್ನುವುದೇ ಅಂತ ಕೇಳಿದ. ದೊಡ್ಡಮುನಿಯಮ್ಮ ಗಂಡಸರ ಮಧ್ಯೆ ಬಂದು ನಿಂತಳು.

"ಶ್ರೀರಾಮಣ್ಣ, ಸತ್ತೋನು ನನ್ ಮಗ. ನಂಗೇ ಒಪ್ಪಿಗೆ ಐತೆ. ನಿಂಗೇನು ಕಷ್ಟ?"

"ನಿಂಗೆ ಉಡ್ಸಿದ್ದು ಬ್ಯಾರೆ ಕಣವ್ವ," ಅಂದ ಶ್ರೀರಾಮಪ್ಪ. "ಇವ್ಳ ಕೈ ಈಗ ಕಲ್ಲಲ್ಲೈತೆ. ಕಲ್ಲಲ್ಲಿರೋ ಕೈಗೆ ಇನ್ನೊಬ್ಬ ಬಳೆ ತೊಡ್ಸಿದ್ರೆ ಊರಿಗಾಗಲ್ಲ."

ಮೊದಲ ಮಾತು ಬಸ್ಸಿನದು, ಎರಡನೆಯದು ಭಯದ್ದು. ಬಸ್ಸಿನ ಮಾತನ್ನು ಯಾರಾದರೂ ಎದುರಿಸಬಹುದಿತ್ತು. ಭಯದ ಮಾತನ್ನು ಎದುರಿಸುವವರು ಆ ಕಟ್ಟೆಯಲ್ಲಿ ಒಬ್ಬರೂ ಇರಲಿಲ್ಲ. ಮುದುಕಿ ಎಷ್ಟೋ ಹೊತ್ತು ಬಡಕೊಂಡು ಮನೆಗೆ ಬಂದಳು.

ಗಂಗರತ್ನಮ್ಮ ಸೊಣ್ಣಪ್ಪನ ತೋಟಕ್ಕೆ ತಾನೇ ಹೋದಳು. ಊರು ಬಿಟ್ಟು ಹೋಗೋಣ, ದಾಸರಹಳ್ಳಿಯ ಕಡೆ ಎಲ್ಲಾದರೂ ಕೂಲಿ ಮಾಡಿ ಬದುಕೋಣ, ಸೀರೆಯನ್ನು ಅಲ್ಲಿಯೇ ಉಟ್ಟುಕೊಳ್ಳುತ್ತೇನೆ ಅಂತ ಕೇಳಿದಳು. ಅಷ್ಟು ಮಾತನ್ನು ಅವಳು ಯಾರ ಹತ್ತಿರವೂ ಒಟ್ಟಿಗೆ ಆಡಿದವಳಲ್ಲ. ಸೊಣ್ಣಪ್ಪ ಬಳ್ಳಿ ಸವರುತ್ತಲೇ ಇದ್ದ, ತಿರುಗಿ ನೋಡಲಿಲ್ಲ. ಕಾಲುವೆ ನೀರು ನಿಲ್ಲಿಸುತ್ತೇನೆ ಅಂತ ಶ್ರೀರಾಮಪ್ಪ ಹೆದರಿಸಿದ್ದ ಅನ್ನುವುದು ನಿಜ. ಆದರೆ ಅವನು ಹೇಳಿದ ಕಾರಣ ಅದಲ್ಲ.

"ಆ ಕಲ್ಲು ಕಂಡ್ರೆ ನಂಗೆ ಭಯ ಆಯ್ತದೆ ಗಂಗರತ್ನ. ಒಬ್ಳು ಹೆಂಡ್ತಿ ಆಗ್ಲೇ ಸತ್ತವ್ಳೆ. ಸತ್ತೋನ್ ಕೈ ಹಿಡ್ಕೊಂಡಿರೋಳ್ನ ಎಂಗೆ ಕರ್ಕಂಡೋಗ್ಲಿ?"

ಎಳೆ ಕಡ್ಡಿಯ ಸಿಂಬೆ ಮಾಡಿಕೊಡಲು ಬಂದ ಧೈರ್ಯ ಅಷ್ಟಕ್ಕೇ ಮುಗಿದಿತ್ತು. ಅವನ ಬಗ್ಗೆ ನಾನು ಇನ್ನೇನೂ ಹೇಳುವುದಿಲ್ಲ.

ಅಲ್ಲಿಂದ ಅವಳು ಚಿಕ್ಕಹನುಮಯ್ಯ ಕಲ್ಲು ಒಡೆಯುವ ಜಾಗಕ್ಕೆ ಹೋದಳು. ಆ ಕೈಯನ್ನು ಕೆತ್ತಿ ತೆಗೆದುಬಿಡು ಮಾವ ಅಂತ ಕೇಳಿದಳು. ಅವನು ಉಳಿ ಕೆಳಗಿಟ್ಟ. ಹಳೆಯದರಲ್ಲಿತ್ತು, ಅದಕ್ಕೇ ಕೊರೆದೆ, ಯಾರ ಕೈ ಅಂತ ಯಾರೂ ಹೇಳಲಿಲ್ಲ ತಾಯಿ ಅಂದ. ಪೂಜೆಗೆ ಮುಂಚೆ ಹೇಳಿದ್ದರೆ ಒಂದೇ ಏಟಿಗೆ ಹಾರಿಸುತ್ತಿದ್ದೆ. ಅರಿಶಿನ ಬಿದ್ದ ಮೇಲೆ ಅದು ದೇವರು, ಉಳಿ ಇಟ್ಟರೆ ನನ್ನ ಮನೆ ಉಳಿಯುವುದಿಲ್ಲ. ಹೇಳುತ್ತಾ ಅವನ ಕಣ್ಣಲ್ಲಿ ನೀರು ಬಂತು. ಗಂಗರತ್ನಮ್ಮನ ಕಣ್ಣಲ್ಲಿ ಬರಲಿಲ್ಲ.

ಅದೇ ಯುಗಾದಿ ಕಳೆದ ಮೇಲೆ ಸೊಣ್ಣಪ್ಪ ದಾಸರಹಳ್ಳಿಯಿಂದ ಹೆಣ್ಣು ತಂದ. ಊರಿನ ಹೊಸ ಹೆಣ್ಣುಗಳು ಈಗ ಹಳೆ ಕಲ್ಲು ಬಿಟ್ಟು ಹೊಸ ಕಲ್ಲಿನ ಕೈಗೇ ಅರಿಶಿನ ಹಚ್ಚುತ್ತಿದ್ದರು. ಕೆತ್ತನೆ ಚೂಪಾಗಿತ್ತು, ಬಳೆ ಚೆನ್ನಾಗಿ ಕಾಣುತ್ತಿತ್ತು. ಕಲ್ಲು ತೊಳೆಯುವ ಕೆಲಸ ಗಂಗರತ್ನಮ್ಮನದು. ಗಂಡನ ಕಲ್ಲು, ಅವಳೇ ತೊಳೆಯಬೇಕು ಅಂತ ಊರಿನ ತೀರ್ಮಾನ. ಸೊಣ್ಣಪ್ಪನ ಹೆಂಡತಿ ಬಂದಾಗ ಇವಳು ಬಿಂದಿಗೆ ಹಿಡಿದು ನಿಂತಿದ್ದಳು. ಹುಡುಗಿ ಉಟ್ಟಿದ್ದ ಸೀರೆ ಮಾವಿನ ಚಿಗುರಿನ ಬಣ್ಣದ್ದು, ಕಪ್ಪು ಅಂಚಿನದು. ಪಾಪ, ಅವಳಿಗೆ ಏನೂ ತಿಳಿಯದು. ಕಲ್ಲಿಗೆ ಹಚ್ಚಿ ಉಳಿದ ಅರಿಶಿನವನ್ನು ಅಂಗೈಯಲ್ಲಿಟ್ಟುಕೊಂಡು, ಅಕ್ಕಾ ನೀವೂ ಸ್ವಲ್ಪ ತಗೊಳ್ಳಿ ಅಂತ ನೀಡಿದಳು. ಜೊತೆಗಿದ್ದ ಹೆಂಗಸರು ಹುಡುಗಿಯ ಕೈಯನ್ನು ಎಳೆದು, ಗಂಡ ಸತ್ತವಳು ಅರಿಶಿನ ಮುಟ್ಟುತ್ತಾಳೇನೇ ಅಂತ ಗದರಿಸಿದರು. ಅವಳದೇ ಕೈಗೆ ಅವರೆಲ್ಲ ಆಗಷ್ಟೇ ಅರಿಶಿನ ಹಚ್ಚಿ ನಮಸ್ಕಾರ ಮಾಡಿದ್ದರು. ಇದು ವಿಚಿತ್ರ ಅಂತ ಅವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಗಂಗರತ್ನಮ್ಮ ನೆಲಕ್ಕೆ ಬಿದ್ದ ಅರಿಶಿನದ ಮೇಲೆ ನೀರು ಸುರಿದು ಮನೆಗೆ ಹೋದಳು.

ಬಸ್ಸು ಬಂತು. ಅದು ನಿಲ್ಲುವ ಜಾಗಕ್ಕೆ ವೀರಗಲ್ಲು ಸ್ಟಾಪ್ ಅಂತಲೇ ಹೆಸರಾಯಿತು. ವರ್ಷ ವರ್ಷ ಡಿಸೆಂಬರ್ ಏಳಕ್ಕೆ ಬಿಳಿ ಸೀರೆ, ಡಬ್ಬಿ, ವೇದಿಕೆಯ ಕುರ್ಚಿ. ಗಂಗರತ್ನಮ್ಮ ದಪ್ಪಗಾದಳು, ಮಾತು ಕಡಿಮೆಯಾಯಿತು. ಮನೆಗೆ ಬಂದ ನೆಂಟರಿಗೆ ಅವಳನ್ನು ತೋರಿಸಿ, ಇವಳೇ ಕಲ್ಲಿನ ಕೈಯವಳು ಅನ್ನುತ್ತಿದ್ದರು. ಕೊನೆಕೊನೆಗೆ ಅವಳೂ ಅದಕ್ಕೆ ಒಗ್ಗಿಕೊಂಡ ಹಾಗೆ ಕಂಡಿತು. ಬೇರೆ ಹೆಂಗಸರ ನಡತೆಯ ಮೇಲೆ ಅವಳ ಕಣ್ಣು ಬೀಳತೊಡಗಿತು. ಯಾರು ಯಾರ ಗದ್ದೆಯಲ್ಲಿ ನಕ್ಕರು ಅನ್ನುವುದು ಅವಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು.

ಈ ಮಧ್ಯೆ ೧೯೬೫ರಲ್ಲಿ ಪಾಕಿಸ್ತಾನದ ಮೇಲೆ ಯುದ್ಧವಾಯಿತು. ನಮ್ಮೂರಿನ ಇನ್ನೊಬ್ಬ ಸಿಪಾಯಿ ಸತ್ತ. ಅವನಿಗೆ ಬೇರೆ ಕಲ್ಲು ನಿಲ್ಲಿಸದೆ, ಲಕ್ಕಣ್ಣನ ಕಲ್ಲಿನ ಬುಡದಲ್ಲೇ ಅವನ ಹೆಸರನ್ನೂ ಬಣ್ಣದಲ್ಲಿ ಬರೆಸಿದರು. ಅವನ ಹೆಂಡತಿ ಅಕ್ಕಯ್ಯಮ್ಮ, ಇನ್ನೂ ಎಳೆಯ ಹುಡುಗಿ. ತವರಿನಲ್ಲಿ ಯಾರೂ ಇರಲಿಲ್ಲ. ಅತ್ತೆ ಮಾವ ಮುಖ ತಿರುಗಿಸಿದಾಗ ಅವಳ ಪಕ್ಕ ಕೂತವಳು ಗಂಗರತ್ನಮ್ಮ. ತಿಥಿಯ ದಿನ ಬಟ್ಟೆ ಸುತ್ತಿ ಬಳೆ ಒಡೆದವಳೂ ಅವಳೇ, ತನ್ನ ಅತ್ತೆ ತನಗೆ ಮಾಡಿದ ಹಾಗೆಯೇ. ಹುಡುಗಿ ಊಟ ಬಿಟ್ಟಾಗ ಮುದ್ದೆ ಮುರಿದು ತಿನ್ನಿಸಿದಳು. ಅಕ್ಕಯ್ಯಮ್ಮ ಅವಳನ್ನು ಅಕ್ಕ ಅಂತ ಕರೆಯುತ್ತಿದ್ದಳು. ಅಷ್ಟು ವರ್ಷದಲ್ಲಿ ಗಂಗರತ್ನಮ್ಮ ಯಾರನ್ನಾದರೂ ಪ್ರೀತಿಸಿದ್ದರೆ ಈ ಹುಡುಗಿಯನ್ನೇ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ಎರಡು ವರ್ಷ ಕಳೆಯಿತು. ಶ್ರೀರಾಮಪ್ಪನ ತಂಗಿಯ ಮಗನೊಬ್ಬ, ಜಾಲಹಳ್ಳಿಯ ಕಡೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವನು, ಅಕ್ಕಯ್ಯಮ್ಮನನ್ನೇ ಕಟ್ಟಿಕೊಳ್ಳುತ್ತೇನೆ ಅಂತ ಹಟ ಹಿಡಿದ. ಅವಳಿಗೂ ಮನಸ್ಸಿತ್ತು. ಸಂಕ್ರಾಂತಿ ಆದ ಮೇಲೆ ಉಡಿಕೆ ಅಂತ ಗೊತ್ತಾಯಿತು. ಸೀರೆ ಉಡಿಸಲು ಊರು ಮರ್ಯಾದೆ ಕೊಡುವ ವಿಧವೆಯೊಬ್ಬಳು ಮುಂದೆ ನಿಲ್ಲಬೇಕು. ದೊಡ್ಡಮುನಿಯಮ್ಮನಿಗೆ ಕಣ್ಣು ಮಂಜಾಗಿ, ಕೈ ನಡುಗುತ್ತಿತ್ತು. ಹಾಗಾಗಿ ಶ್ರೀರಾಮಪ್ಪ ಎಲೆ ಅಡಿಕೆ ಹಿಡಿದು ಗಂಗರತ್ನಮ್ಮನ ಮನೆಯ ಜಗಲಿಗೆ ಬಂದು ಕೂತ. ಆ ಜಗಲಿಯ ಮೇಲೆ ಅವನು ಕೂತದ್ದು ಅದೇ ಮೊದಲು.

"ಕಾಲ ಬದ್ಲಾಯ್ತು ಕಣಮ್ಮ," ಅಂದ. "ಎಳೇ ಜೀವ. ಎಷ್ಟು ದಿನ ಅಂತ ಇಂಗೇ ಇದ್ದಾಳು? ನೀನೇ ನಿಂತು ಉಡುಸ್ಬೇಕು."

ಗಂಗರತ್ನಮ್ಮ ಎಲೆ ಅಡಿ‌ಕೆಯನ್ನು ಮುಟ್ಟಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಸೀರೆ ಯಾವ ಬಣ್ಣದ್ದು ಅಂತ ಮಾತ್ರ ಕೇಳಿದಳು. ಕೆಂಪು ಅಂದ ಶ್ರೀರಾಮಪ್ಪ. ಅವನು ಒಪ್ಪಿಗೆ ಸಿಕ್ಕಿತು ಅಂದುಕೊಂಡು ಎದ್ದುಹೋದ. ಒಳಗೆ ಕೂತಿದ್ದ ದೊಡ್ಡಮುನಿಯಮ್ಮನಿಗೆ ಸಂತೋಷವಾಯಿತು. ನಿನಗಾಗದಿದ್ದರೂ ಅವಳಿಗಾದರೂ ಆಗಲಿ ಬಿಡು ಅಂದಳು. ಗಂಗರತ್ನಮ್ಮ ಕಲ್ಲು ತೊಳೆಯಲು ಬಿಂದಿಗೆ ಎತ್ತಿಕೊಂಡು ಹೊರಟಳು.

೧೯೬೭ರ ಡಿಸೆಂಬರ್ ಏಳು ಬಂತು. ಆ ವರ್ಷ ವೇದಿಕೆಯ ಮೇಲೆ ಇಬ್ಬರು ಬಿಳಿ ಸೀರೆಯವರು. ಸೈನ್ಯದಿಂದ ನಿವೃತ್ತರಾದ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ಭಾಷಣಗಳು ಮುಗಿದು, ವಂದನಾರ್ಪಣೆ ಹೇಳಲು ಶಾಲೆಯ ಮೇಷ್ಟ್ರು ಏಳುವಾಗ ಗಂಗರತ್ನಮ್ಮ ಎದ್ದು ಮೈಕಿನ ಮುಂದೆ ಹೋಗಿ ನಿಂತಳು. ಅಷ್ಟು ವರ್ಷ ಆ ವೇದಿಕೆಯ ಮೇಲೆ ಅವಳು ಬಾಯಿ ತೆರೆದಿರಲಿಲ್ಲ. ಜನ ಗಪ್‌ಚಿಪ್ಪಾದರು.

"ನನ್ ಕೈನ ಕಲ್ಲಲ್ಲಿ ಕೊರ್ದು ಊರು ನಂಗೆ ದೊಡ್ಡ ಮರ್ಯಾದೆ ಕೊಡ್ತು," ಅಂದಳು. "ಆ ಮರ್ಯಾದೆ ನಂಗೊಬ್ಳಿಗೇ ಬ್ಯಾಡ. ಕಲ್ಲಿನ ಎಡಗಡೆ ಜಾಗ ಖಾಲಿ ಐತೆ. ನನ್ ತಂಗಿ ಅಕ್ಕಯ್ಯಮ್ಮನ ಕೈನೂ ಅಲ್ಲಿ ಕೊರೀರಿ."

ನಿವೃತ್ತ ಅಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಎದ್ದ ಮೇಲೆ ಎಲ್ಲರೂ ಎದ್ದರು. ಶ್ರೀರಾಮಪ್ಪನ ಮುಖ ಬೂದಿಯಾಗಿತ್ತು, ಆದರೆ ಅವನ ಕೈಯೂ ತಟ್ಟಲೇಬೇಕಾಯಿತು. ಅವನ ಹೊಟ್ಟೆ ಉರಿದದ್ದು ಕಂಡು ನನಗೆ ಒಂದು ಗಳಿಗೆ ಖುಷಿಯಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಅಕ್ಕಯ್ಯಮ್ಮನ ಕಡೆ ನೋಡಿದೆ. ಚಪ್ಪಾಳೆ ತನಗಾಗಿ ಅಂತ ತಿಳಿದು ಅವಳು ಎದ್ದು ಕೈಮುಗಿಯುತ್ತಿದ್ದಳು. ಕೈ ಮುಗಿದುಕೊಂಡಿರುವಾಗಲೇ ಅವಳಿಗೆ ಅರ್ಥವಾಯಿತು. ಕೈಗಳು ಹಾಗೆಯೇ ನಿಂತುಬಿಟ್ಟವು.

ಶ್ರೀರಾಮಪ್ಪನನ್ನು ಸುಡುವುದಕ್ಕೆ ಗಂಗರತ್ನಮ್ಮನಿಗೆ ಸಿಕ್ಕ ಕೊಳ್ಳಿ ಆ ಹುಡುಗಿ ಅಂತ ಕೆಲವರು ಹೇಳುತ್ತಾರೆ. ಇರಬಹುದು. ನನಗೆ ಹಾಗನ್ನಿಸುವುದಿಲ್ಲ. ತನಗೆ ಸಿಗದ ಸೀರೆಯನ್ನು ತನ್ನ ಕೈಯಿಂದಲೇ ಇನ್ನೊಬ್ಬಳಿಗೆ ಉಡಿಸುವುದು ಅವಳಿಂದ ಆಗಲಿಲ್ಲ. ಅವಳು ದೇವರಲ್ಲ. ಅವಳನ್ನು ದೇವರು ಮಾಡಿದವರು ನಾವು.

ಕೈ ಕೊರೆಯುವ ಕೆಲಸವನ್ನು ಮುಂದೂಡಲು ಶ್ರೀರಾಮಪ್ಪ ಏನೇನೋ ಮಾಡಿದ. ಊರು ಬಿಡಲಿಲ್ಲ. ಒಂದು ಕೈಗೆ ಬಸ್ಸು ಬಂತು, ಎರಡು ಕೈಗೆ ಕರೆಂಟು ಬಂದೀತು ಅಂತ ಕಟ್ಟೆಯ ಮೇಲೆ ಲೆಕ್ಕ ಹಾಕಿದರು. ಪೂಜೆಯಾದ ಕಲ್ಲಿಗೆ ಉಳಿ ಇಡುವುದಿಲ್ಲ ಅಂದ ಚಿಕ್ಕಹನುಮಯ್ಯನಿಗೆ, ತೆಗೆಯುವುದು ತಪ್ಪು, ಸೇರಿಸುವುದು ತಪ್ಪಲ್ಲ ಅಂತ ಪೂಜಾರಿಯಿಂದ ಹೇಳಿಸಿದರು. ಸಂಕ್ರಾಂತಿಯ ಹೊತ್ತಿಗೆ ಎಡಗಡೆಯ ಕೈ ಮುಗಿದಿತ್ತು. ಅದರ ಬಳೆಗಳು ಮೊದಲನೆಯದಕ್ಕಿಂತ ಚೆನ್ನಾಗಿ ಬಂದಿದ್ದವು. ಕಾರ್ಖಾನೆಯ ಹುಡುಗ ಒಂದು ಸಲ ಬಂದು ಕಲ್ಲು ನೋಡಿ ಹೋದವನು ಆಮೇಲೆ ಮಾವನ ಮನೆಗೂ ಬರುವುದನ್ನು ಬಿಟ್ಟ. ದೊಡ್ಡಮುನಿಯಮ್ಮ ಸೊಸೆಯ ಜೊತೆ ಮಾತು ನಿಲ್ಲಿಸಿ, ಕಾಣದ ಕಣ್ಣಲ್ಲೇ ತನ್ನ ಮುದ್ದೆಯನ್ನು ತಾನೇ ತೊಳಸಿಕೊಳ್ಳತೊಡಗಿದಳು.

ಸಂಕ್ರಾಂತಿಯ ಮಾರನೇ ಬೆಳಗ್ಗೆ ಗಂಗರತ್ನಮ್ಮ ಕಲ್ಲು ತೊಳೆಯುತ್ತಿದ್ದಾಗ ಅಕ್ಕಯ್ಯಮ್ಮ ಬಂದಳು. ನಾನು ಎತ್ತುಗಳಿಗೆ ನೀರು ಕುಡಿಸಿ ಏರಿಯ ಮೇಲೆ ನಿಂತಿದ್ದೆ, ಅವರ ಮಾತು ನನಗೆ ಕೇಳಿಸುತ್ತಿತ್ತು. ಹುಡುಗಿ ಜಗಳಕ್ಕೆ ಬಂದಿರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು.

"ಅಕ್ಕಾ, ನಾನ್ ನಿಂಗೇನ್ ಮಾಡಿದ್ದೆ?"

"ಏನೂ ಮಾಡಿರ್ಲಿಲ್ಲ ಕಣಮ್ಮಿ," ಅಂದಳು ಗಂಗರತ್ನಮ್ಮ. ಬಲಗಡೆಯ ಕೈಯನ್ನು ಉಜ್ಜುವುದನ್ನು ನಿಲ್ಲಿಸಲಿಲ್ಲ. "ನಾನೂ ಯಾರ್ಗೂ ಏನೂ ಮಾಡಿರ್ಲಿಲ್ಲ."

ಆಮೇಲೆ ಬಿಂದಿಗೆಯಲ್ಲಿ ಉಳಿದಿದ್ದ ನೀರನ್ನು ನೋಡಿ, ಅದನ್ನು ಹುಡುಗಿಯ ಮುಂದೆ ಇಟ್ಟಳು. "ಇದು ನನ್ ಕೈ, ತೊಳ್ದಾಯ್ತು. ಅದು ನಿಂದು. ನೀನ್ ತೊಳಿ."

ಅಕ್ಕಯ್ಯಮ್ಮ ಬಿಂದಿಗೆ ಎತ್ತಿಕೊಂಡು ಎಡಗಡೆಗೆ ಹೋದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂತು, ತೊಳೆಯತೊಡಗಿದಳು.